ಬಹುಕಲಾವಿದ ಸ್ಯಾಮಿ ಡೇವಿಸ್

ಪ್ರತಿಭೆಯುಳ್ಳವನಿಗೆ ಜಗತ್ತಿನ ಎಲ್ಲ ಬಾಗಿಲುಗಳೂ ತೆರೆಯುತ್ತವೆಯೆಂದು ನಾವು ಮಕ್ಕಳಿಗೆ ಮೇಲಿಂದ ಮೇಲೆ ಹೇಳುತ್ತೇವೆ. ಆ ಮಾತು ಎಷ್ಟರಮಟ್ಟಿಗೆ ನಿಜ, ಯಾವ ಹೊಸ್ತಿಲ ಬಳಿ ಅದು ನಿಂತುಬಿಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಅಮೆರಿಕದ ಕಲಾವಿದನಾದ ಕಿರಿಯ ಸ್ಯಾಮಿ ಡೇವಿಸ್ಸನ ಜೀವನವನ್ನು ನೋಡಬೇಕು. ಆತನು 1990ರಲ್ಲಿ ತೀರಿಕೊಂಡನು. ಬದುಕಿದ್ದ 64 ವರ್ಷಗಳಲ್ಲಿ ಸುಮಾರು 60 ವರ್ಷಗಳನ್ನು ಆತನು ರಂಗಸ್ಥಳದ ಮೇಲೆಯೇ ಕಳೆದನು. ಹಾಡುವುದು, ಕುಣಿಯುವುದು, ನಟಿಸುವುದು, ನಗಿಸುವುದು, ಡ್ರಮ್ಮನ್ನೂ ತುತ್ತೂರಿಯನ್ನೂ ನುಡಿಸುವುದು, ಪ್ರಸಿದ್ಧ ಗಾಯಕರ ಹಾಗೂ ನಟರ ಕಂಠಗಳನ್ನು ಅವರೇ ಬಂದು ನಿಂತರೋ ಎಂಬಂತೆ ಅನುಕರಿಸುವುದು, ಇವಿಷ್ಟೂ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದುವು. ಒಂದು ವಿದ್ಯೆಯಲ್ಲಿ ಆತನನ್ನು ಮೀರಿಸಿದವರು ಇದ್ದಿರಬಹುದು. ಇಷ್ಟು ವಿದ್ಯೆಗಳಲ್ಲಿ ಆತನಿಗೆ ಸಮನಾದವರು ಆ ಕಾಲದಲ್ಲಿ ವಿರಳ.

ಇಂತಹ ಕಲಾವಿದನಿಗೆ ಹೇಳಿ ಮಾಡಿಸಿದಂತಹ ರಂಗವೆಂದರೆ ದೂರದರ್ಶನದ ವಿವಿಧ ವಿನೋದಾವಳಿ. ನಮ್ಮ ಪಾಠಶಾಲೆಗಳ ವಾರ್ಷಿಕೋತ್ಸವದ ಕಡೆಯಲ್ಲಿ ಬರುವ ವಿನೋದಾವಳಿಯನ್ನು ನೋಡಿರುವ ವಾಚಕರಿಗೆ ಅದರ ಸ್ವರೂಪವನ್ನು ವಿವರಿಸಬೇಕಾದುದಿಲ್ಲ. ಒಂದು ಹಾಡು, ಅದರ ಹಿಂದೆ ಒಂದು ಕುಣಿತ, ಬಳಿಕ ಒಂದು ಪ್ರಹಸನ, ನಡುವೆ ಒಬ್ಬ ಜಾದೂಗಾರ, ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸುವ ಮಾತುಗಾರನೊಬ್ಬ: ಇದೇ ಅದರ ರೂಪ. 1948ರಲ್ಲಿ ಮಿಲ್ಟನ್ ಬರ್ಲ್ ಎಂಬ ವಿದೂಷಕನೂ, ಎಡ್ ಸಲಿವನ್ ಎಂಬ ಪತ್ರಿಕಾ ಅಂಕಣಕಾರನೂ ಬೇರೆ ಬೇರೆಯಾಗಿ ಅಮೆರಿಕದ ದೂರದರ್ಶನದಲ್ಲಿ ಇಂತಹ ಕಾರ್ಯಕ್ರಮಗಳನ್ನು ತೊಡಗಿಸಿದರು. ಸಲಿವನ್ನನ ಕಾರ್ಯಕ್ರಮವು 1971ರ ವರೆಗೆ ಪ್ರತಿ ಭಾನುವಾರ ರಾತ್ರಿ ನಡೆಯಿತು. ಮೊದಲ ವರ್ಷಗಳಲ್ಲಿ ಎಲ್ಲವೂ ನೇರ ಪ್ರಸಾರ. ತಪ್ಪಿದ ಹೆಜ್ಜೆಯನ್ನು ತಿದ್ದಿ ಮತ್ತೆ ಚಿತ್ರಿಸುವ ಅವಕಾಶವಿರಲಿಲ್ಲ. ಕಂಠ ಒಡೆದರೆ ದೇಶವೆಲ್ಲ ಕೇಳುತ್ತಿದ್ದಿತು. ಅಜ್ಜಿಯಿಂದ ಮೊಮ್ಮಗನವರೆಗೆ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಪೆಟ್ಟಿಗೆಯನ್ನು ನೋಡುತ್ತಿದ್ದ ಆ ರಾತ್ರಿಗಳನ್ನು ಆ ದೇಶದ ವೃದ್ಧರು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. ಆ ನೆನಪುಗಳಲ್ಲಿ ಮತ್ತೆ ಮತ್ತೆ ಸುಳಿಯುವ ಆಕೃತಿಗಳಲ್ಲಿ ಈ ಕುಳ್ಳನೆಯ, ಬಡಕಲು ಮೈಯ, ಕಪ್ಪು ಬಣ್ಣದ ಕಲಾವಿದನದೂ ಒಂದು.

ಸ್ಯಾಮಿ ಡೇವಿಸ್ಸನು 1925ನೆಯ ಇಸವಿ ಡಿಸೆಂಬರ್ 8ರಂದು ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂಬ ಕರಿಯರ ಕೇರಿಯಲ್ಲಿ ಹುಟ್ಟಿದನು. ತಂದೆ ಹಿರಿಯ ಸ್ಯಾಮಿ ಡೇವಿಸ್ ನರ್ತಕ. ತಾಯಿ ಎಲ್ವೆರಾ ಸ್ಯಾಂಚೆಜ್ ಕೂಡ ನರ್ತಕಿಯೇ. ಆಕೆಯ ಪೂರ್ವಿಕರು ಕ್ಯೂಬಾ ದ್ವೀಪದವರು. ಇಬ್ಬರೂ ಊರೂರು ತಿರುಗುವ ವಿನೋದ ಮೇಳವೊಂದರಲ್ಲಿ ಕೆಲಸದಲ್ಲಿದ್ದುದರಿಂದ ಕೂಸು ಅಜ್ಜಿಯಾದ ರೋಸಾಳ ಮಡಿಲಿನಲ್ಲಿ ಬೆಳೆಯಿತು. ಮಗುವಿಗೆ ಮೂರು ವರ್ಷವಾಗುವಷ್ಟರಲ್ಲಿ ತಂದೆತಾಯಿಗಳು ಬೇರೆಯಾದರು. ಮಗನನ್ನು ಬಿಟ್ಟಿರಲಾರದ ತಂದೆ ಆತನನ್ನು ಎತ್ತಿಕೊಂಡು ಮತ್ತೆ ಮೇಳದ ದಾರಿ ಹಿಡಿದನು. ಮೇಳದ ಯಜಮಾನ ವಿಲ್ ಮಾಸ್ಟಿನ್ ರಕ್ತಸಂಬಂಧಿಯಲ್ಲದಿದ್ದರೂ ಹುಡುಗನ ಪಾಲಿಗೆ ದೊಡ್ಡಪ್ಪನಾದನು. ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿಯೇ ನಿದ್ರೆ, ತೆರೆಯ ಮರೆಯಲ್ಲಿಯೇ ಆಟ, ದೊಡ್ಡವರು ಕುಣಿಯುವುದನ್ನು ನೋಡಿ ನೋಡಿ ಕಲಿತದ್ದೇ ಪಾಠ. ನಮ್ಮ ನಾಟಕ ಕಂಪೆನಿಗಳಲ್ಲಿ ಬಾಲಪಾತ್ರಗಳನ್ನು ಮಾಡುತ್ತ ಬೆಳೆದ ನಟರ ಬಾಲ್ಯವನ್ನು ಬಲ್ಲವರಿಗೆ ಈ ಚಿತ್ರ ಹೊಸದಾಗಿ ತೋರಲಾರದು.

ಹುಡುಗನು ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ. ಎಳೆಯ ಮಕ್ಕಳನ್ನು ದುಡಿಸಬಾರದೆಂಬ ಕಾನೂನು ಅಲ್ಲಿ ಇದ್ದಿತು. ತನಿಖೆಯವರು ಬಂದರೆ ಮಗನನ್ನು ಕಳೆದುಕೊಳ್ಳಬೇಕಾದೀತೆಂದು ಹೆದರಿದ ತಂದೆ ಆತನ ಬಾಯಿಗೆ ಚುಟ್ಟವೊಂದನ್ನು ಸಿಕ್ಕಿಸಿ, ಈತನು ಮಗುವಲ್ಲ, ವಯಸ್ಸಾದ ಕುಬ್ಜನು ಎಂದು ಸಾರುತ್ತಿದ್ದನು. 1933ರಲ್ಲಿ ಎಥೆಲ್ ವಾಟರ್ಸ್ ಎಂಬ ಪ್ರಸಿದ್ಧ ಗಾಯಕಿಯೊಡನೆ ಆತನು ಒಂದು ಕಿರುಚಿತ್ರದಲ್ಲಿ ಅಭಿನಯಿಸಿದನು. ಕರಿಯ ಬಾಲಕನೊಬ್ಬನು ಅಮೆರಿಕದ ಅಧ್ಯಕ್ಷನಾದಂತೆ ಕನಸು ಕಾಣುವ ಕಥೆ ಅದು. ಅಂದಿನ ದಿನಕ್ಕೆ ಅದೊಂದು ನಗೆಚಾಟಿಕೆ. ಆ ನಗೆಯ ವಸ್ತುವೇ 75 ವರ್ಷಗಳ ಬಳಿಕ, 2008ರ ಚುನಾವಣೆಯಲ್ಲಿ, ನಿಜವಾಯಿತು.

ತಂದೆಯೂ ಮಾಸ್ಟಿನ್ನನೂ ಹುಡುಗನಿಂದ ಒಂದು ವಿಷಯವನ್ನು ಬಹುಕಾಲ ಮರೆಮಾಚಿದ್ದರು. ಹೋಟೆಲಿನವನು ಕೋಣೆಯಿಲ್ಲವೆಂದು ಕಳುಹಿಸಿದರೆ, ನಾವು ನಟರೆಂಬ ಅಸೂಯೆ ಅವನಿಗೆ ಎಂದು ಸಮಾಧಾನ ಹೇಳುತ್ತಿದ್ದರು. ಬಣ್ಣದ ಮಾತನ್ನು ಎತ್ತುತ್ತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಬೇಕಾಗಿ ಬಂದಾಗ ಆ ಮರೆಯು ಒಮ್ಮೆಗೇ ಕಳಚಿ ಬಿದ್ದಿತು. ವಯೋಮಿಂಗ್ ಸಂಸ್ಥಾನದ ಸೇನಾ ಶಿಬಿರದಲ್ಲಿ ಆತನು ಬಿಳಿಯ ಸಿಪಾಯಿಗಳ ಪಕ್ಕದಲ್ಲಿಯೇ ಮಲಗಬೇಕಾಯಿತು. ಅವರಲ್ಲಿ ಕೆಲವರು ಆತನನ್ನು ಹೀನವಾಗಿ ಬೈದರು, ಹೊಡೆದರು, ಮೈಮೇಲೆ ಬಣ್ಣ ಬಳಿದು ಅವಮಾನಿಸಿದರು. ಜಗಳಗಳಲ್ಲಿ ಆತನ ಮೂಗು ಒಂದಕ್ಕಿಂತ ಹೆಚ್ಚು ಸಲ ಮುರಿಯಿತು. ಆ ದಿನಗಳಲ್ಲಿ ಆತನಿಗೆ ಎರಡು ಆಶ್ರಯಗಳು ದೊರೆತುವು. ಒಂದು, ಸಾರ್ಜೆಂಟನೊಬ್ಬನು ಕರುಣೆಯಿಂದ ಕೊಟ್ಟ ಪುಸ್ತಕಗಳು. ಅಕ್ಷರಜ್ಞಾನ ಅಷ್ಟಕ್ಕಷ್ಟೇ ಇದ್ದ ಯುವಕನು ಆಗಲೇ ಸರಿಯಾಗಿ ಓದುವುದನ್ನು ಕಲಿತನು. ಇನ್ನೊಂದು, ಶಿಬಿರದ ರಂಗಮಂದಿರ. ಹಗಲು ತನ್ನನ್ನು ಹೊಡೆದ ಮನುಷ್ಯನು ರಾತ್ರಿ ತನ್ನ ಕುಣಿತಕ್ಕೆ ಚಪ್ಪಾಳೆ ತಟ್ಟುವುದನ್ನು ಆತನು ಅಲ್ಲಿ ಕಂಡನು. ತನ್ನ ಕಲೆಯೇ ತನಗೆ ಆಯುಧ, ಅದರಿಂದಲೇ ದ್ವೇಷವನ್ನು ಗೆಲ್ಲಬಹುದು ಎಂಬ ನಂಬಿಕೆ ಆಗ ಆತನಲ್ಲಿ ಬೇರೂರಿತು. ಮುಂದಿನ ಬಾಳೆಲ್ಲ ಆ ನಂಬಿಕೆಯ ಪರೀಕ್ಷೆಯೆಂದರೆ ತಪ್ಪಾಗದು.

ಯುದ್ಧ ಮುಗಿದ ಮೇಲೆ ತಂದೆ, ಮಾಸ್ಟಿನ್ ಮತ್ತು ಮಗ, ಈ ಮೂವರ ಮೇಳವು ವಿಲ್ ಮಾಸ್ಟಿನ್ ಟ್ರಿಯೋ ಎಂಬ ಹೆಸರಿನಿಂದ ಮತ್ತೆ ದಾರಿಗೆ ಬಿದ್ದಿತು. ಮಾತಿನ ಚಲನಚಿತ್ರಗಳು ಬಂದ ಮೇಲೆ ಹಳೆಯ ವಿನೋದಮೇಳಗಳಿಗೆ ಕಾಲವಿರಲಿಲ್ಲ. ಬಟ್ಟೆಗೆ ಇಸ್ತ್ರಿ ಮಾಡಿಸಲು ಹಣವಿದ್ದರೆ ಊಟಕ್ಕಿಲ್ಲ, ಊಟಕ್ಕಿದ್ದರೆ ರೈಲಿಗಿಲ್ಲ ಎಂಬಂತಹ ಸ್ಥಿತಿ. ಈ ನಡುವೆ ಹುಡುಗನು ಒಂದು ಹೊಸ ಸಾಹಸಕ್ಕೆ ಕೈಯಿಟ್ಟನು. ಕರಿಯ ಕಲಾವಿದನು ಕರಿಯರನ್ನು ಮಾತ್ರ ಅನುಕರಿಸಬಹುದು, ಬಿಳಿಯ ನಟರನ್ನು ಅನುಕರಿಸಿದರೆ ಸಭೆ ಸಹಿಸದು ಎಂಬುದು ಅಂದಿನ ಅಲಿಖಿತ ನಿಯಮ. ಮಾಸ್ಟಿನ್ನನು ಬೇಡವೆಂದು ಎಚ್ಚರಿಸಿದರೂ ಕೇಳದೆ, ಆತನು ಹಾಲಿವುಡ್ಡಿನ ಬಿಳಿಯ ತಾರೆಯರ ದನಿಯನ್ನೂ ನಡೆಯನ್ನೂ ರಂಗದ ಮೇಲೆ ತಂದನು. ಸಭೆ ಕೋಪಗೊಳ್ಳಲಿಲ್ಲ, ಬೆರಗಾಯಿತು. 1951ರ ಮಾರ್ಚ್ ತಿಂಗಳಿನಲ್ಲಿ ಆಸ್ಕರ್ ಬಹುಮಾನಗಳ ರಾತ್ರಿ ಹಾಲಿವುಡ್ಡಿನ ಸಿರೋಸ್ ಎಂಬ ವಿಲಾಸಿ ಭೋಜನಶಾಲೆಯಲ್ಲಿ, ಜ್ಯಾನಿಸ್ ಪೇಜ್ ಎಂಬ ನಟಿಯ ಮುಖ್ಯ ಕಾರ್ಯಕ್ರಮಕ್ಕೆ ಮೊದಲು ಕೆಲವು ನಿಮಿಷ ಕುಣಿಯುವ ಅವಕಾಶ ಈ ಮೂವರಿಗೆ ದೊರೆಯಿತು. ಚಿತ್ರಜಗತ್ತಿನ ಗಣ್ಯರೆಲ್ಲ ಅಲ್ಲಿ ನೆರೆದಿದ್ದರು. ಅವರು ಮತ್ತೆ ಮತ್ತೆ ಕರೆದು ಕುಣಿಸಿದರು. ತಾನು ಯಾರ ದನಿಯನ್ನು ಅನುಕರಿಸುತ್ತಿದ್ದನೋ ಅವರೇ ಎದುರಿಗೆ ಕುಳಿತು ಚಪ್ಪಾಳೆ ತಟ್ಟಿದ ಆ ರಾತ್ರಿ ಡೇವಿಸ್ಸನ ಭಾಗ್ಯದ ಬಾಗಿಲು ತೆರೆಯಿತು.

ದೂರದರ್ಶನದ ಆಹ್ವಾನ ತಡವಿಲ್ಲದೆ ಬಂದಿತು. ಆದರೆ ಆ ರಂಗದ ಒಡೆಯರು ಯಾರೆಂಬುದನ್ನು ಇಲ್ಲಿ ತಿಳಿಸಬೇಕು. ಅಂದಿನ ವಿನೋದಾವಳಿಗಳಿಗೆ ಹಣ ಸುರಿಯುತ್ತಿದ್ದವರು ಸಾಬೂನು, ಹಲ್ಲುಜ್ಜುವ ಪೇಸ್ಟು, ಪೆಟ್ರೋಲು ಮೊದಲಾದುವನ್ನು ಮಾರುವ ಕಂಪೆನಿಗಳು. ಕಾರ್ಯಕ್ರಮಕ್ಕೆ ಎಷ್ಟೋ ಸಲ ಕಂಪೆನಿಯ ಹೆಸರೇ ಇರುತ್ತಿದ್ದಿತು. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕೆಂಬುದರಲ್ಲಿ ಜಾಹೀರಾತುದಾರರ ಮಾತು ತೂಕವುಳ್ಳದ್ದು. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯರನ್ನು ರೈಲಿನಲ್ಲಿ, ಶಾಲೆಯಲ್ಲಿ, ಉಪಾಹಾರದ ಅಂಗಡಿಯಲ್ಲಿ ಬೇರೆಯಾಗಿಡುವುದು ಕಾನೂನೇ ಆಗಿದ್ದ ಕಾಲವದು. ಅಲ್ಲಿಯ ಗಿರಾಕಿ ಮುನಿದರೆ ವ್ಯಾಪಾರ ಕೆಡುತ್ತದೆಂಬ ಭಯ ಕಂಪೆನಿಗಳಿಗೆ. ಕರಿಯನು ಬಂದು ಹಾಡಿ ಹೋಗಬಹುದು. ಬಿಳಿಯನೊಡನೆ ಸರಿಸಮನಾಗಿ ನಿಂತು ಕೈಕುಲುಕಬಾರದು, ಮೈ ಮುಟ್ಟಬಾರದು. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಆದರೆ ಎಲ್ಲರೂ ಬಲ್ಲ ನಿಯಮ.

1952ರ ಫೆಬ್ರವರಿ ತಿಂಗಳಿನಲ್ಲಿ ಕೋಲ್ಗೇಟ್ ಕಾಮಿಡಿ ಅವರ್ ಎಂಬ ವಿನೋದಾವಳಿಯನ್ನು ಎಡ್ಡಿ ಕ್ಯಾಂಟರ್ ಎಂಬ ಹಿರಿಯ ಹಾಸ್ಯನಟನು ನಡೆಸಿಕೊಡುತ್ತಿದ್ದನು. ಆತನು ಯೆಹೂದ್ಯ, ತಾನೂ ಬಡತನದಿಂದ, ನ್ಯೂಯಾರ್ಕಿನ ಓಣಿಗಳಿಂದ ಮೇಲೆ ಬಂದವನು. ಡೇವಿಸ್ಸನು ಮೈಮರೆತು ಕುಣಿದನು. ಕುಣಿತ ಮುಗಿದಾಗ ಹಣೆಯಿಂದ ಬೆವರು ಸುರಿಯುತ್ತಿದ್ದಿತು. ಕ್ಯಾಂಟರನು ಹತ್ತಿರ ಬಂದು, ಕಿಸೆಯಿಂದ ತನ್ನ ಕರವಸ್ತ್ರವನ್ನು ತೆಗೆದು, ತಂದೆ ಮಗನ ಮುಖವನ್ನು ಒರೆಸುವಂತೆ ಆ ಕರಿಯ ಯುವಕನ ಹಣೆಯನ್ನು ಒರೆಸಿದನು. ನೇರ ಪ್ರಸಾರವಾದುದರಿಂದ ಅದನ್ನು ದೇಶವೆಲ್ಲ ನೋಡಿತು. ಮಾರನೆಯ ದಿನದಿಂದ ಬೈಗುಳದ ಪತ್ರಗಳು ಬಂದು ಬಿದ್ದುವು. ಕಾರ್ಯಕ್ರಮದ ಪೋಷಕರಿಗೆ ಕಳವಳವಾಯಿತು. ಕ್ಯಾಂಟರನು ಹಿಂಜರಿಯಲಿಲ್ಲ. ಕ್ಷಮೆ ಕೇಳುವುದಕ್ಕೆ ಬದಲಾಗಿ ಡೇವಿಸ್ಸನನ್ನು ತನ್ನ ಕಾರ್ಯಕ್ರಮಕ್ಕೆ ಮತ್ತೆ ಕರೆಸಿದನು. ಒಂದು ಕರವಸ್ತ್ರ ಒಂದು ದೇಶವನ್ನು ಇಷ್ಟು ಕದಡಬಲ್ಲುದೆಂದರೆ ಆ ದೇಶದ ಮನಸ್ಸಿನಲ್ಲಿದ್ದ ರೋಗ ಎಂತಹದೆಂದು ವಾಚಕರೇ ಊಹಿಸಬಹುದು.

ಲಾಸ್ ವೇಗಸ್ ಎಂಬ ಜೂಜಿನ ಪಟ್ಟಣದಲ್ಲಿ ಇದೇ ರೋಗ ಇನ್ನೊಂದು ರೂಪದಲ್ಲಿ ಕಾಣುತ್ತಿದ್ದಿತು. ಅಲ್ಲಿಯ ಹೋಟೆಲುಗಳು ಡೇವಿಸ್ಸನನ್ನು ಕರೆಸಿ ಹಾಡಿಸಿದುವು. ಆದರೆ ಹಾಡು ಮುಗಿದೊಡನೆ ಆತನು ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದು, ಊರ ಪಶ್ಚಿಮದ ಕರಿಯರ ಕೇರಿಯಲ್ಲಿ ರಾತ್ರಿ ಕಳೆಯಬೇಕಾಗಿತ್ತು. ಆತನ ಹಾಡನ್ನು ಕೇಳಿದ ಸಭಿಕರು ಮಲಗುವ ಹೋಟೆಲಿನಲ್ಲಿ ಆತನಿಗೆ ಹಾಸಿಗೆಯಿಲ್ಲ. 1954ರ ಶರತ್ಕಾಲದಲ್ಲಿ ಮೂವರ ಮೇಳಕ್ಕೆ ವಾರಕ್ಕೆ 7,500 ಡಾಲರುಗಳ ಸಂಬಳವೂ, ಹಾಡುವ ಹೋಟೆಲಿನಲ್ಲಿಯೇ ವಾಸಿಸುವ ಹಕ್ಕೂ ಒಪ್ಪಂದದಲ್ಲಿ ದೊರೆತುವು. ಬಹುದಿನದ ಹೋರಾಟದಿಂದ ಬಂದ ಆ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಅದೇ ವರ್ಷದ ನವೆಂಬರ್ 19ರ ಬೆಳಗಿನ ಜಾವ, ಚಲನಚಿತ್ರದ ಹಾಡೊಂದನ್ನು ಮುದ್ರಿಸಲು ಲಾಸ್ ವೇಗಸ್ಸಿನಿಂದ ಲಾಸ್ ಏಂಜಲೀಸಿಗೆ ಹೋಗುತ್ತಿದ್ದಾಗ, ಸ್ಯಾನ್ ಬರ್ನಾರ್ಡಿನೋ ಊರಿನ ಬಳಿ ಆತನ ಕಾರು ಇನ್ನೊಂದು ಕಾರಿಗೆ ಅಪ್ಪಳಿಸಿತು. ಸ್ಟೀಯರಿಂಗ್ ಚಕ್ರದ ನಡುವಿನ ಮೊನಚಾದ ಹಾರ್ನಿನ ಗುಂಡಿ ಮುಖಕ್ಕೆ ಬಡಿದು ಎಡಗಣ್ಣು ಹೋಯಿತು.

ದೂರವನ್ನು ಅಳೆಯಲು ಎರಡು ಕಣ್ಣುಗಳು ಬೇಕು. ಮೆಟ್ಟಿಲಿನ ಅಂಚು, ರಂಗದ ಕೊನೆ, ಎಸೆದ ಕೋಲು, ಇವೆಲ್ಲ ಒಂದೇ ಕಣ್ಣಿಗೆ ಮೋಸ ಮಾಡುತ್ತವೆ. ಹೆಜ್ಜೆಯಿಂದಲೇ ಅನ್ನ ಸಂಪಾದಿಸುವ ನರ್ತಕನಿಗೆ ಇದಕ್ಕಿಂತ ದೊಡ್ಡ ಆಘಾತವಿಲ್ಲ. ಆದರೂ ಫ್ರ್ಯಾಂಕ್ ಸಿನಾತ್ರಾ ಮೊದಲಾದ ಗೆಳೆಯರ ಬೆಂಬಲದಿಂದ, ತನ್ನ ಹಟದಿಂದ, ಡೇವಿಸ್ಸನು ಎದ್ದು ನಿಂತನು. ನೀರನ್ನು ಲೋಟಕ್ಕೆ ಸುರಿಯುವುದರಿಂದ ಹಿಡಿದು ಸುತ್ತು ಹೊಡೆಯುವವರೆಗೆ ಎಲ್ಲವನ್ನೂ ಮೊದಲಿನಿಂದ ಅಭ್ಯಾಸ ಮಾಡಿದನು. 1955ರ ಆರಂಭದಲ್ಲಿಯೇ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಅದೇ ಸಿರೋಸ್ ಶಾಲೆಯ ರಂಗವನ್ನು ಹತ್ತಿದಾಗ ಸಭೆಯೆಲ್ಲ ಎದ್ದು ನಿಂತಿತು. ಆ ವರ್ಷ ಹೊರಬಿದ್ದ ಆತನ ಹಾಡುಗಳ ಮೊದಲ ಸಂಪುಟ ಮಾರಾಟದಲ್ಲಿ ದೇಶಕ್ಕೇ ಅಗ್ರಸ್ಥಾನ ಪಡೆಯಿತು. ಆಸ್ಪತ್ರೆಯ ದಿನಗಳಲ್ಲಿ ಧರ್ಮದ ಚಿಂತನೆಗೆ ತೊಡಗಿದ ಆತನು, ಕಷ್ಟಗಳನ್ನು ಉಂಡೂ ಅಳಿಯದ ಯೆಹೂದ್ಯರ ಚರಿತ್ರೆಯಲ್ಲಿ ತನ್ನ ಜನರ ಪಾಡನ್ನೇ ಕಂಡು, ಕೆಲವು ವರ್ಷಗಳ ಅಧ್ಯಯನದ ತರುವಾಯ ಆ ಮತವನ್ನು ಸ್ವೀಕರಿಸಿದನು. ಪ್ರಚಾರಕ್ಕಾಗಿ ಮಾಡಿದ ಕೆಲಸವೆಂದು ಹಲವರು ಆಡಿಕೊಂಡರು. ಆತನು ಸಾಯುವವರೆಗೂ ಅದನ್ನು ಬಿಡಲಿಲ್ಲ.

ಮುಂದಿನ ದಶಕ ಆತನ ಕೀರ್ತಿಯ ಮಧ್ಯಾಹ್ನ. 1956ರಲ್ಲಿ ಬ್ರಾಡ್‌ವೇ ನಾಟಕಮಂದಿರದಲ್ಲಿ ಮಿಸ್ಟರ್ ವಂಡರ್‌ಫುಲ್ ಎಂಬ ಸಂಗೀತ ನಾಟಕ, 1959ರಲ್ಲಿ ಪೋರ್ಗಿ ಅಂಡ್ ಬೆಸ್ ಚಲನಚಿತ್ರದಲ್ಲಿ ಮಾದಕದ್ರವ್ಯ ಮಾರುವ ಧೂರ್ತನ ಪಾತ್ರ, 1960ರಲ್ಲಿ ಸಿನಾತ್ರಾ, ಡೀನ್ ಮಾರ್ಟಿನ್ ಮೊದಲಾದವರೊಡನೆ ಲಾಸ್ ವೇಗಸ್ಸಿನ ಸ್ಯಾಂಡ್ಸ್ ಹೋಟೆಲಿನಲ್ಲಿ ರಾತ್ರಿ ರಾತ್ರಿ ನಡೆದ ವಿನೋದಕೂಟಗಳು, ಒಂದರ ಹಿಂದೊಂದು ಬಂದುವು. ಜನರು ರ್ಯಾಟ್ ಪ್ಯಾಕ್ ಎಂದು ಕರೆದ ಆ ಗೆಳೆಯರ ಗುಂಪು ರಂಗದ ಮೇಲೆ ಡೇವಿಸ್ಸನ ಬಣ್ಣವನ್ನೇ ಹಾಸ್ಯದ ವಸ್ತುವಾಗಿ ಮಾಡಿಕೊಳ್ಳುತ್ತಿದ್ದಿತು. ಎಲ್ಲರಿಗಿಂತ ಗಟ್ಟಿಯಾಗಿ ಆತನೇ ನಗುತ್ತಿದ್ದನು. ಅದು ಗೆಳೆತನದ ಸಲಿಗೆಯೋ, ಹೊಟ್ಟೆಯ ಪಾಡಿಗಾಗಿ ನುಂಗಿದ ಅವಮಾನವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಎರಡೂ ಇದ್ದುವೆಂದು ನಮಗೆ ತೋರುತ್ತದೆ. ಸಿನಾತ್ರಾನು ಗೆಳೆಯನಿಗಾಗಿ ಹೋಟೆಲುಗಳೊಡನೆ ಜಗಳವಾಡಿದುದೂ ನಿಜ. ರಂಗದ ಮೇಲೆ ಆ ಗೆಳೆಯನನ್ನು ಆಳಿನಂತೆ ಆಡಿಸಿದುದೂ ನಿಜ. ಲಾಸ್ ವೇಗಸ್ಸಿನ ಹೋಟೆಲುಗಳ ಬಾಗಿಲು ಎಲ್ಲ ಕರಿಯರಿಗೂ ತೆರೆದುದು 1960ರ ಮಾರ್ಚ್ ತಿಂಗಳಿನಲ್ಲಿ. ಅದನ್ನು ತೆರೆಸಿದುದು ಒಬ್ಬ ಕಲಾವಿದನ ಚಾತುರ್ಯವಲ್ಲ, ಊರಿನ ಕರಿಯರ ಸಂಘವು ಬೀದಿಗಿಳಿದು ಮೆರವಣಿಗೆ ಮಾಡುವೆವೆಂದು ಹಾಕಿದ ಬೆದರಿಕೆ.

ಅದೇ ವರ್ಷದ ನವೆಂಬರ್ 13ರಂದು ಡೇವಿಸ್ಸನು ಸ್ವೀಡನ್ನಿನ ನಟಿ ಮೇ ಬ್ರಿಟ್ಟಳನ್ನು ಮದುವೆಯಾದನು. ಕರಿಯರಿಗೂ ಬಿಳಿಯರಿಗೂ ನಡುವಣ ವಿವಾಹ ಆಗ ಅನೇಕ ಸಂಸ್ಥಾನಗಳಲ್ಲಿ ಶಿಕ್ಷಾರ್ಹ ಅಪರಾಧ. ಅಂತಹ ಕಾನೂನುಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿದುದು 1967ರಲ್ಲಿ. ಕೊಲೆಯ ಬೆದರಿಕೆಗಳು ಬಂದುವು. ರಂಗಮಂದಿರಗಳ ಮುಂದೆ ದ್ವೇಷದ ಫಲಕಗಳನ್ನು ಹಿಡಿದ ಜನ ನಿಂತರು. ಆ ವರ್ಷ ಜಾನ್ ಕೆನೆಡಿಯು ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದನು. ಡೇವಿಸ್ಸನು ಆತನಿಗಾಗಿ ಊರೂರು ಹಾಡಿದವನು. ತನ್ನ ಮದುವೆಯಿಂದ ದಕ್ಷಿಣದ ಮತಗಳು ತಪ್ಪಿಯಾವೆಂದು, ಆತನು ಮದುವೆಯನ್ನೇ ಚುನಾವಣೆಯ ಆಚೆಗೆ ಮುಂದೂಡಿದನು. ಕೆನೆಡಿ ಗೆದ್ದನು. 1961ರ ಜನವರಿಯಲ್ಲಿ ಅಧಿಕಾರ ಸ್ವೀಕಾರದ ಸಂಭ್ರಮಕ್ಕೆ ಗೆಳೆಯರೆಲ್ಲ ಹೊರಟುನಿಂತರು. ಡೇವಿಸ್ಸನಿಗೆ ಮಾತ್ರ ಬರಬೇಡವೆಂಬ ಸೂಚನೆ ತಲಪಿತು. ಗೆಲ್ಲಿಸುವಾಗ ಬೇಕಾದವನು ಗೆದ್ದ ಮೇಲೆ ಬೇಡವಾದನು. ಸೈನಿಕ ಶಿಬಿರದ ಹೊಡೆತಕ್ಕಿಂತ ಈ ಹೊಡೆತ ಆಳವಾದುದೆಂದು ಆತನ ಬರವಣಿಗೆಯನ್ನು ಓದಿದವರಿಗೆ ತಿಳಿಯುತ್ತದೆ.

ಆದರೂ ಆತನು ತನ್ನ ಜನರ ಹೋರಾಟದಿಂದ ದೂರ ಸರಿಯಲಿಲ್ಲ. 1963ರ ವಾಷಿಂಗ್ಟನ್ ಮಹಾಮೆರವಣಿಗೆಯಲ್ಲಿ ಪಾಲುಗೊಂಡನು. 1965ರ ಮಾರ್ಚ್ ತಿಂಗಳಿನಲ್ಲಿ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್‌ಗೋಮರಿಗೆ ಜನರು ನಡೆದುಬಂದಾಗ, ದಣಿದ ಯಾತ್ರಿಕರ ಮುಂದೆ ಬಯಲಿನಲ್ಲಿ ಕಟ್ಟಿದ ರಂಗದ ಮೇಲೆ ಹಾಡಿದ ಕಲಾವಿದರಲ್ಲಿ ಆತನೂ ಒಬ್ಬ. ಆ ಕಾಲದಲ್ಲಿ ಆತನು ಬ್ರಾಡ್‌ವೇಯಲ್ಲಿ ಗೋಲ್ಡನ್ ಬಾಯ್ ಎಂಬ ನಾಟಕದ ನಾಯಕ. 1964ರ ಅಕ್ಟೋಬರಿನಿಂದ 1966ರ ಮಾರ್ಚಿನವರೆಗೆ 500ಕ್ಕೂ ಹೆಚ್ಚು ಸಲ ಆ ನಾಟಕ ನಡೆಯಿತು. 1965ರಲ್ಲಿ ಪ್ರಕಟವಾದ ಆತನ ಆತ್ಮಕಥೆ ಯೆಸ್ ಐ ಕ್ಯಾನ್ ಅಪಾರವಾಗಿ ಮಾರಾಟವಾಯಿತು. ಕರಿಯ ಜನರ ಉನ್ನತಿಗಾಗಿ ದುಡಿಯುವ ರಾಷ್ಟ್ರೀಯ ಸಂಘವು 1968ರಲ್ಲಿ ತನ್ನ ಅತ್ಯುಚ್ಚ ಗೌರವವಾದ ಸ್ಪಿಂಗಾರ್ನ್ ಪದಕವನ್ನು ಆತನಿಗೆ ಕೊಟ್ಟಿತು.

ಇಷ್ಟೆಲ್ಲ ಆದರೂ, ಅತಿಥಿಯಾಗಿ ಎಲ್ಲ ವಿನೋದಾವಳಿಗಳಲ್ಲಿ ಮೆರೆದವನಿಗೆ ತನ್ನದೇ ಒಂದು ವಿನೋದಾವಳಿ ದೊರೆಯಲು ಬಹುಕಾಲ ಹಿಡಿಯಿತು. ಆತನಿಗಿಂತ ಹಿಂದೆ, 1956ರ ನವೆಂಬರಿನಲ್ಲಿ, ನ್ಯಾಟ್ ಕಿಂಗ್ ಕೋಲ್ ಎಂಬ ಇಂಪಾದ ಕಂಠದ ಕರಿಯ ಗಾಯಕನು ಎನ್‌ಬಿಸಿ ಸಂಸ್ಥೆಯಲ್ಲಿ ಇಂತಹ ಪ್ರಯತ್ನ ಮಾಡಿದ್ದನು. ದೇಶವೇ ಆತನ ಹಾಡನ್ನು ಮೆಚ್ಚುತ್ತಿದ್ದಿತು. ಗೆಳೆಯರಾದ ಪ್ರಸಿದ್ಧ ಕಲಾವಿದರು ಅಲ್ಪ ಸಂಭಾವನೆಗೆ ಬಂದು ಹಾಡಿದರು. ಆದರೆ ರಾಷ್ಟ್ರವ್ಯಾಪಿ ಪೋಷಕ ಕಂಪೆನಿಯೊಂದೂ ಮುಂದೆ ಬರಲಿಲ್ಲ. ಸುಮಾರು ಒಂದು ವರ್ಷದ ಬಳಿಕ, 1957ರ ಡಿಸೆಂಬರಿನಲ್ಲಿ, ಆ ಕಾರ್ಯಕ್ರಮ ನಿಂತಿತು. ಡೇವಿಸ್ಸನ ಸರದಿ 1966ರ ಜನವರಿಯಲ್ಲಿ ಬಂದಿತು. ರಿಚರ್ಡ್ ಬರ್ಟನ್ ಮತ್ತು ಎಲಿಜಬೆತ್ ಟೇಲರ್ ದಂಪತಿಗಳೇ ಮೊದಲ ದಿನದ ಅತಿಥಿಗಳು. ಆದರೆ ಇನ್ನೊಂದು ದೂರದರ್ಶನ ಸಂಸ್ಥೆಯೊಡನೆ ಮೊದಲೇ ಮಾಡಿಕೊಂಡಿದ್ದ ಒಪ್ಪಂದದ ಕಟ್ಟಿನಿಂದ, ಮುಂದಿನ ಮೂರು ವಾರ ಡೇವಿಸ್ಸನು ತನ್ನ ಹೆಸರಿನ ಕಾರ್ಯಕ್ರಮದಲ್ಲಿಯೇ ಮುಖ ತೋರಿಸುವಂತಿರಲಿಲ್ಲ. ಬೇರೆಯವರು ಬಂದು ನಡೆಸಿದರು. ಆತನು ಹಿಂದಿರುಗುವಷ್ಟರಲ್ಲಿ ಪ್ರೇಕ್ಷಕರು ಬೇರೆ ಕಡೆಗೆ ತಿರುಗಿದ್ದರು. ಏಪ್ರಿಲಿನಲ್ಲಿ ಕಾರ್ಯಕ್ರಮ ಮುಗಿಯಿತು. ಹೀಗೆ ಒಬ್ಬನ ರಂಗವನ್ನು ಬಣ್ಣದ ಭಯ ಮುಚ್ಚಿಸಿದರೆ, ಇನ್ನೊಬ್ಬನದನ್ನು ಕಾಗದದ ಕಟ್ಟಳೆ ಮುಚ್ಚಿಸಿತು.

ಆತನನ್ನು ಜನರು ನೆನೆಯುವುದು ಹೆಚ್ಚಾಗಿ ಪರರ ಕಾರ್ಯಕ್ರಮಗಳಲ್ಲಿ ಮಿಂಚಿ ಮಾಯವಾದ ಗಳಿಗೆಗಳಿಂದಲೇ. 1967ರ ಡಿಸೆಂಬರಿನಲ್ಲಿ ಸಿನಾತ್ರಾನ ಮಗಳು ನ್ಯಾನ್ಸಿಯ ವಿನೋದಾವಳಿಯಲ್ಲಿ ಇಬ್ಬರೂ ಸ್ನೇಹದಿಂದ ಒಂದು ಮುತ್ತನ್ನು ವಿನಿಮಯ ಮಾಡಿಕೊಂಡರು. ಕರಿಯನೊಬ್ಬನೂ ಬಿಳಿಯ ಯುವತಿಯೊಬ್ಬಳೂ ಹಾಗೆ ಕಾಣಿಸಿಕೊಂಡುದು ಆ ದೇಶದ ದೂರದರ್ಶನದಲ್ಲಿ ಮೊದಲ ಪ್ರಸಂಗಗಳಲ್ಲೊಂದು. 1972ರ ಫೆಬ್ರವರಿಯಲ್ಲಿ ಆಲ್ ಇನ್ ದ ಫ್ಯಾಮಿಲಿ ಎಂಬ ಹಾಸ್ಯ ನಾಟಕಮಾಲೆಯಲ್ಲಿ ಆತನು ತಾನೇ ತಾನಾಗಿ ಬಂದು, ವರ್ಣದ್ವೇಷದ ಮೂರ್ತಿಯಂತಿದ್ದ ಮನೆಯ ಯಜಮಾನನ ಕೆನ್ನೆಗೆ ಛಾಯಾಚಿತ್ರ ತೆಗೆಯುವ ಕ್ಷಣದಲ್ಲಿ ಮುತ್ತಿಟ್ಟನು. ಸಭೆಯ ನಗು ಬಹುಹೊತ್ತು ನಿಲ್ಲಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಆತನ ಹಣೆಯನ್ನು ಬಿಳಿಯನೊಬ್ಬನು ಮುಟ್ಟಿದುದಕ್ಕೆ ರೊಚ್ಚಿಗೆದ್ದ ದೇಶವೇ ಈಗ ಆತನು ಬಿಳಿಯನನ್ನು ಮುದ್ದಿಸಿದುದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರವಚನಗಳು ಮಾಡಲಾರದ ಕೆಲಸವನ್ನು ಕೆಲವೊಮ್ಮೆ ನಗೆ ಮಾಡುತ್ತದೆ.

ಅದೇ 1972ರಲ್ಲಿ ಆತನು ಒಲ್ಲದ ಮನಸ್ಸಿನಿಂದ ಹಾಡಿದ ಕ್ಯಾಂಡಿ ಮ್ಯಾನ್ ಎಂಬ ಮಕ್ಕಳ ಹಾಡು ದೇಶದಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷದ ಆಗಸ್ಟಿನಲ್ಲಿ ಮಯಾಮಿಯ ಸಭೆಯೊಂದರಲ್ಲಿ ಆತನು ಅಧ್ಯಕ್ಷ ನಿಕ್ಸನ್ನನನ್ನು ಹಿಂದಿನಿಂದ ಬಂದು ಅಪ್ಪಿಕೊಂಡನು. ಆ ಛಾಯಾಚಿತ್ರ ಎಲ್ಲ ಪತ್ರಿಕೆಗಳಲ್ಲಿಯೂ ಅಚ್ಚಾಯಿತು. ಕೆನೆಡಿಯ ಮನೆಯ ಬಾಗಿಲು ಮುಚ್ಚಿದ್ದುದನ್ನು ಕಂಡವನು ನಿಕ್ಸನ್ನನ ಮನೆಯಲ್ಲಿ ಅತಿಥಿಯಾಗಿ ರಾತ್ರಿ ತಂಗಿದನು. ಆದರೆ ಕರಿಯ ಜನರು ನಿಕ್ಸನ್ನನನ್ನು ತಮ್ಮ ಹಿತೈಷಿಯೆಂದು ಎಣಿಸುತ್ತಿರಲಿಲ್ಲ. ತಮ್ಮವನೇ ತಮ್ಮನ್ನು ಮಾರಿದನೆಂದು ಅವರು ಕೆರಳಿದರು. ಷಿಕಾಗೋದ ಸಭೆಯೊಂದರಲ್ಲಿ ಆತನು ರಂಗವನ್ನು ಹತ್ತಿದಾಗ ಕೂಗಿ ಹಳಿದರು. ಬಿಳಿಯರ ದ್ವೇಷವನ್ನು ಕುಣಿದು ಗೆದ್ದವನಿಗೆ ತನ್ನ ಜನರ ಮುನಿಸು ಸಹಿಸಲಸಾಧ್ಯವಾಯಿತು. ಈ ವಿಷಯದಲ್ಲಿ ಆತನು ನಿರ್ದೋಷಿಯೆಂದು ನಾವು ಹೇಳಲಾರೆವು. ದೊಡ್ಡವರು ಹತ್ತಿರ ಕರೆದರೆ ಕರಗಿಬಿಡುವ ದೌರ್ಬಲ್ಯ ಆತನಲ್ಲಿ ಇದ್ದಿತು. ಆದರೆ ಬಾಲ್ಯದಿಂದ ಹಿಂಬಾಗಿಲಿನಿಂದಲೇ ಹೋಗಿಬಂದವನು ಮುಂಬಾಗಿಲು ತೆರೆದಾಗ ಕರೆದವರಾರೆಂದು ವಿಚಾರಿಸದೆ ಒಳಗೆ ನುಗ್ಗಿದರೆ, ಆ ದೌರ್ಬಲ್ಯದ ಹೊಣೆ ಆತನೊಬ್ಬನದೇ ಅಲ್ಲ.

ದೋಷಗಳು ಬೇರೆಯೂ ಇದ್ದುವು. ಮದ್ಯ, ಮಾದಕ ವಸ್ತು, ಎಡೆಬಿಡದ ಸಿಗರೇಟು, ಕೈಗೆ ಬಂದುದಕ್ಕಿಂತ ಹೆಚ್ಚಾದ ಖರ್ಚು, ಆಭರಣಗಳ ಮೋಹ, ಮನೆಮಕ್ಕಳಿಗೆ ಕೊಡಲಾರದ ಸಮಯ. ಮೇ ಬ್ರಿಟ್ಟಳೊಡನೆ ಮಾಡಿಕೊಂಡ ಮದುವೆ 1968ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. 1970ರಲ್ಲಿ ಆತನು ನರ್ತಕಿ ಆಲ್ಟೋವೀಸ್ ಗೋರಳನ್ನು ವರಿಸಿದನು. ಆತನ ಗುಣಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇವೆ. ತಂದೆಯೂ ಮಾಸ್ಟಿನ್ನನೂ ಮುದಿಯರಾಗಿ ರಂಗದಿಂದ ಇಳಿದ ಮೇಲೆಯೂ ಆತನು ತನ್ನ ಗಳಿಕೆಯನ್ನು ಬಹುವರ್ಷ ಮೂರು ಪಾಲು ಮಾಡಿ ಅವರಿಗೆ ಕೊಡುತ್ತಿದ್ದನು. ಚುಟ್ಟ ಕಚ್ಚಿ ಕುಣಿದ ದಿನಗಳ ಋಣವನ್ನು ಆತನು ಮರೆಯಲಿಲ್ಲ. ಮುಪ್ಪಿನ ನರ್ತಕನೊಬ್ಬನು ಕುಡಿತದಿಂದ ಹಾಳಾಗಿ ಸೆರೆಮನೆ ಸೇರಿದ ಕಥೆಯನ್ನು ಹೇಳುವ ಮಿಸ್ಟರ್ ಬೋಜ್ಯಾಂಗಲ್ಸ್ ಎಂಬ ಹಾಡನ್ನು ಕಡೆಯ ವರ್ಷಗಳಲ್ಲಿ ಆತನು ತಪ್ಪದೆ ಹಾಡುತ್ತಿದ್ದನು. ತನ್ನ ಅಂತ್ಯವೂ ಹಾಗೆಯೇ ಆದೀತೆಂಬ ಅಂಜಿಕೆ ಆತನಿಗಿದ್ದಿತು.

ವಿವಿಧ ವಿನೋದಾವಳಿಗಳ ಕಾಲವು ಆತನ ಕಣ್ಣ ಮುಂದೆಯೇ ಮುಗಿಯಿತು. ಸಲಿವನ್ನನ ಕಾರ್ಯಕ್ರಮ 1971ರಲ್ಲಿ ನಿಂತಿತು. ಕ್ಯಾರಲ್ ಬರ್ನೆಟ್ ಎಂಬ ಹಾಸ್ಯನಟಿಯ ಕಾರ್ಯಕ್ರಮ 1978ರಲ್ಲಿ ಮುಗಿಯಿತು. ಮನೆಯಲ್ಲಿ ಎರಡು ಮೂರು ಪೆಟ್ಟಿಗೆಗಳು ಬಂದ ಮೇಲೆ ಅಜ್ಜಿಗೂ ಮೊಮ್ಮಗನಿಗೂ ಹಿಡಿಸುವಂತೆ ಒಂದು ಗಂಟೆಯನ್ನು ಹೆಣೆಯುವ ಅಗತ್ಯ ಯಾರಿಗೂ ತೋರಲಿಲ್ಲ. ಎಲ್ಲವನ್ನ ಬಲ್ಲ ಕಲಾವಿದನಿಗೆ ಇದ್ದ ಬೇಡಿಕೆಯೂ ಅದರೊಡನೆ ಕುಗ್ಗಿತು.

1989ರಲ್ಲಿ ಆತನ ಗಂಟಲಿನಲ್ಲಿ ಅರ್ಬುದ ರೋಗ ಕಾಣಿಸಿತು. ಶಸ್ತ್ರಕ್ರಿಯೆ ಮಾಡಿ ಧ್ವನಿಪೆಟ್ಟಿಗೆಯನ್ನು ತೆಗೆದರೆ ಜೀವ ಉಳಿಯುವ ಸಂಭವ ಹೆಚ್ಚು, ಆದರೆ ಕಂಠ ಹೋಗುತ್ತದೆ. ಆತನು ಆಗ ಅದಕ್ಕೆ ಒಪ್ಪದೆ ವಿಕಿರಣ ಚಿಕಿತ್ಸೆಯನ್ನು ಆರಿಸಿಕೊಂಡನು. ಆ ವರ್ಷದ ನವೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಆತನ 60 ವರ್ಷಗಳ ಕಲಾಸೇವೆಯ ಸನ್ಮಾನವಾಗಿ ಒಂದು ದೊಡ್ಡ ವಿನೋದಾವಳಿಯನ್ನು ಏರ್ಪಡಿಸಿದರು. 1990ರ ಫೆಬ್ರವರಿ 4ರಂದು ಅದನ್ನು ದೇಶವೆಲ್ಲ ನೋಡಿತು. ಸಿನಾತ್ರಾ ಬಂದನು. ಹಿಂದಿನ ತಲೆಮಾರು ಮುರಿದ ಬೇಲಿಯನ್ನು ದಾಟಿ ಬಂದ ಹೊಸ ತಲೆಮಾರಿನ ಕರಿಯ ಕಲಾವಿದರೂ ಬಂದರು. ಎಡ್ಡಿ ಮರ್ಫಿ ಸಭೆಯನ್ನು ನಡೆಸಿಕೊಟ್ಟನು. ಮೈಕೇಲ್ ಜ್ಯಾಕ್ಸನ್ನನು, ಹಿರಿಯರು ದಾರಿ ತೋರಿದುದರಿಂದಲೇ ತಾವು ಇಲ್ಲಿ ನಿಂತಿದ್ದೇವೆಂಬ ಭಾವದ ಹಾಡೊಂದನ್ನು ಹಾಡಿದನು. ಕೇಳುತ್ತ ಕುಳಿತ ರೋಗಿಯ ಕಣ್ಣು ತುಂಬಿಬಂದಿತು. ಬಳಿಕ ಗ್ರೆಗರಿ ಹೈನ್ಸ್ ಎಂಬ ನರ್ತಕನು ಕುಣಿದು, ಗುರುವನ್ನು ರಂಗಕ್ಕೆ ಕರೆದನು. ರೋಗದಿಂದ ಸೊರಗಿ ಮಾತಾಡಲೂ ಕಷ್ಟಪಡುತ್ತಿದ್ದ ಡೇವಿಸ್ಸನು ಲೋಹದ ಅಟ್ಟೆಯ ನೃತ್ಯದ ಬೂಟುಗಳನ್ನು ಕಟ್ಟಿಕೊಂಡು ಎದ್ದುಬಂದನು. ಕೆಲವೇ ಹೆಜ್ಜೆಗಳು, ತಾಳ ತಪ್ಪಲಿಲ್ಲ. ಹೈನ್ಸನು ಮಣಿದು ಆ ಬೂಟಿಗೆ ಮುತ್ತಿಟ್ಟನು.

1990ನೆಯ ಇಸವಿ ಮೇ 16ರಂದು ಸ್ಯಾಮಿ ಡೇವಿಸ್ಸನು ತನ್ನ ಮನೆಯಲ್ಲಿ ಕಣ್ಣು ಮುಚ್ಚಿದನು. ಎರಡು ದಿನಗಳ ತರುವಾಯ ಲಾಸ್ ವೇಗಸ್ ಪಟ್ಟಣದ ಮುಖ್ಯ ಬೀದಿಯ ದೀಪಗಳನ್ನು ಹತ್ತು ನಿಮಿಷಗಳ ಕಾಲ ಆರಿಸಿ ಆತನಿಗೆ ಶ್ರದ್ಧಾಂಜಲಿ ಅರ್ಪಿಸಿದರು. ಹಿಂದೊಮ್ಮೆ ಆತನಿಗೆ ಹಾಸಿಗೆ ಕೊಡಲೊಪ್ಪದ ಬೀದಿ ಅದೇ. ಸರಕಾರಕ್ಕೆ ಸಲ್ಲಬೇಕಾಗಿದ್ದ ತೆರಿಗೆಯ ಬಾಕಿಯೇ ದಶಲಕ್ಷಗಟ್ಟಲೆ ಡಾಲರುಗಳಷ್ಟಿದ್ದುದರಿಂದ, ಆತನ ಬೂಟುಗಳು ಸಹಿತವಾಗಿ ಸ್ವತ್ತುಗಳು ಹರಾಜಿಗೆ ಬಂದುವು. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಊರಿನ ಸ್ಮಶಾನದಲ್ಲಿ ತಂದೆಯ ಬಳಿ, ಮಾಸ್ಟಿನ್ನನ ಬಳಿ ಆತನು ಮಲಗಿದ್ದಾನೆ. ಮೂವರ ಮೇಳ ಅಲ್ಲಿ ಮತ್ತೆ ಒಂದಾಗಿದೆ.

ಈ ಜೀವನದಿಂದ ಕಲಿಯಬೇಕಾದುದೇನು? ಕಲೆಯಿಂದ ದ್ವೇಷವನ್ನು ಗೆಲ್ಲಬಹುದೆಂಬ ನಂಬಿಕೆ ಪೂರ್ತಿ ಸುಳ್ಳಾಗಲಿಲ್ಲ. ಪೂರ್ತಿ ನಿಜವೂ ಆಗಲಿಲ್ಲ. ಕಲೆಯು ಕೋಟ್ಯಂತರ ಮನೆಗಳ ಒಳಕೋಣೆಗೆ ಆತನನ್ನು ಕೊಂಡೊಯ್ದಿತು. ಆ ಮನೆಯವರು ತಮ್ಮ ಪಂಕ್ತಿಯಲ್ಲಿ ಆತನಿಗೆ ಎಲೆ ಹಾಕುವಂತೆ ಮಾಡಲು ಕಾನೂನೂ, ಮೆರವಣಿಗೆಯೂ, ಸಾವಿರಾರು ಅನಾಮಧೇಯರ ತ್ಯಾಗವೂ ಬೇಕಾದುವು. ಹತ್ತು ವಿದ್ಯೆಗಳನ್ನು ಬಲ್ಲವನಿಗೆ ದೊರೆತ ಮರ್ಯಾದೆ ಒಂದೂ ವಿದ್ಯೆಯನ್ನರಿಯದ ಬಡ ಕರಿಯನಿಗೂ ದೊರೆಯುವವರೆಗೆ ಅದು ಮರ್ಯಾದೆಯಲ್ಲ, ಬಹುಮಾನ ಮಾತ್ರ. ಮನುಷ್ಯನ ಮರ್ಯಾದೆಯನ್ನು ಕುಣಿದು ಸಂಪಾದಿಸಬೇಕಾದ ಸಮಾಜ ಇನ್ನೂ ಸಮಾಜವಾಗಿಲ್ಲ. ಹಾಡು ಕೇಳಿ ತಲೆದೂಗಿ ಹಾಡಿದವನನ್ನು ಜಗಲಿಯಲ್ಲಿಯೇ ಕೂರಿಸುವ ವಾಡಿಕೆಯನ್ನು ಕಂಡ ನಮ್ಮ ನಾಡಿಗೂ ಈ ಮಾತು ದೂರದ್ದಲ್ಲ. ಸಭೆಗಳನ್ನು ನಡೆಸುವ ನಗರವಾಸಿಗಳೂ, ಗೌರವಗಳನ್ನು ಹಂಚುವ ಅಧಿಕಾರಿಗಳೂ ಶಾಲು ಹೊದಿಸುವ ಮೊದಲು ಎಡ್ಡಿ ಕ್ಯಾಂಟರನ ಕರವಸ್ತ್ರವನ್ನು ಒಮ್ಮೆ ನೆನೆದರೆ ಒಳ್ಳೆಯದು. ಅದರ ಬೆಲೆ ಕೆಲವು ಕಾಸುಗಳಿರಬಹುದು. ಬೆವರಿದ ಮನುಷ್ಯನ ಹಣೆಯನ್ನು ತನ್ನವನ ಹಣೆಯೆಂದೇ ಎಣಿಸಿ ಒರೆಸಿದ ಆ ಕೈ, ಪದಕಗಳನ್ನು ತೊಡಿಸಿದ ಕೈಗಳೆಲ್ಲಕ್ಕಿಂತ ದೊಡ್ಡದು.